ಇಮ್ಲಿ ಗಲ್ಲಿಯ ಇಪ್ಪತ್ತು ಹೌದುಗಳು

ಹಣಮಂತರಾಯರು ಯಾರದೇ ಬಾಗಿಲು ತಟ್ಟಲಿ, ತಟ್ಟಿದ ಕೂಡಲೇ ಮೂರು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲುತ್ತಿದ್ದರು. ಬಾಗಿಲು ತೆರೆದವರಿಗೆ ಮೊದಲು ಕಾಣಬೇಕಾದದ್ದು ತಮ್ಮ ಮುಖವಲ್ಲ, ತಮ್ಮ ಎರಡು ಕೈ ಎಂದು ಅವರು ತಿಳಿದಿದ್ದರು. ಎಡಗೈಯಲ್ಲಿ ಕ್ಲಿಪ್ಪು ಹಾಕಿದ ರಟ್ಟು, ಬಲಗೈಯಲ್ಲಿ ಟೋಪಿ ತೆಗೆಯದ ಪೆನ್ನು. ಈ ಮನುಷ್ಯ ಮಾರುವುದಕ್ಕೆ ಏನೂ ತಂದಿಲ್ಲ, ವಂತಿಗೆ ಕೇಳುವುದಕ್ಕೂ ಬಂದಿಲ್ಲ ಎಂದು ಒಂದೇ ನೋಟಕ್ಕೆ ಗೊತ್ತಾಗಬೇಕು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು, ಆ ಮನೆಯವರ ಭಾಷೆ ಯಾವುದೋ ಅದರಲ್ಲಿ, ತೆಲುಗೋ ಉರ್ದುವೋ, ನಿಧಾನವಾಗಿ ಹೇಳುತ್ತಿದ್ದರು: ನಿಮ್ಮ ಅಭಿಪ್ರಾಯ ಕೇಳಿಕೊಂಡು ಹೋಗಲು ಬಂದಿದ್ದೇನೆ, ಸರಿ ತಪ್ಪು ಎಂಬುದು ಇಲ್ಲ, ನಿಮಗೆ ಅನಿಸಿದ್ದನ್ನು ಹೇಳಿದರೆ ಸಾಕು.

ಹೈದರಾಬಾದಿನ ನಾರಾಯಣಗೂಡದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ಕಚೇರಿ ಇತ್ತು. ಜನರ ಅಭಿಪ್ರಾಯ ಸಂಗ್ರಹಿಸಿ ಕೊಡುವುದು ಆ ಕಚೇರಿಯ ಕೆಲಸ. ಜನ ಯಾವ ಹಲ್ಲುಪುಡಿ ಬಳಸುತ್ತಾರೆ, ಈ ಸಲ ಯಾರಿಗೆ ಮತ ಹಾಕುತ್ತಾರೆ, ರೇಡಿಯೋದಲ್ಲಿ ಯಾವ ಹೊತ್ತಿನ ಕಾರ್ಯಕ್ರಮ ಕೇಳುತ್ತಾರೆ, ಹೀಗೆ ಯಾರು ಏನು ತಿಳಿಯಬೇಕೆಂದರೂ ಆ ಮಾಳಿಗೆ ಹತ್ತಿ ಬರುತ್ತಿದ್ದರು. ಹಣಮಂತರಾಯರು ಅಲ್ಲಿಗೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಊರಿನಲ್ಲಿ ಅವರು ತಟ್ಟದ ಬಾಗಿಲು ಇದ್ದರೂ ಅವರು ನಡೆಯದ ಗಲ್ಲಿ ಇರಲಿಲ್ಲ.

ಅವರ ಮನೆತನ ರಾಯಚೂರಿನದು. ರಾಜ್ಯಗಳನ್ನು ಬೇರೆ ಮಾಡಿದಾಗ ರಾಯಚೂರು ಅತ್ತ ಮೈಸೂರು ರಾಜ್ಯಕ್ಕೆ ಹೋಯಿತು, ತಂದೆಯ ಸರಕಾರಿ ಕಚೇರಿ ಇತ್ತ ಹೈದರಾಬಾದಿನಲ್ಲೇ ಉಳಿಯಿತು. ತಂದೆಯೂ ಉಳಿದರು. ತಾಯಿ ಅಂಬುಬಾಯಿ ಪ್ರತಿ ಗುರುವಾರ ರಾಯರ ಮಠಕ್ಕೆ ಹೋಗುತ್ತಿದ್ದರು. ಬರುವಾಗ ದಾರಿಯಲ್ಲಿದ್ದ ಸಣ್ಣ ದರ್ಗಾದ ಕಟ್ಟೆಯ ಮೇಲೆ ಒಂದು ಹಿಡಿ ಸಕ್ಕರೆ ಇಟ್ಟು, ಸೆರಗು ಸರಿ ಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಮನೆಗೆ ಬರುತ್ತಿದ್ದರು. ಹಣಮಂತರಾಯರಿಗೆ ಒಂಬತ್ತು ವರ್ಷವಾಗಿದ್ದಾಗ ವಿಷಮಶೀತ ಜ್ವರ ಬಂತು. ಇಪ್ಪತ್ತೊಂದು ದಿನದ ಮೇಲೆ ಇಳಿಯಿತು. ಎದ್ದು ಕೂತ ಹುಡುಗ ಕೇಳಿದ ಮೊದಲ ಮಾತು, ನಿನ್ನ ಮಾತು ಕೇಳಿದವರು ಯಾರವ್ವ, ರಾಯರೋ ದರ್ಗಾದವರೋ ಎಂದು.

"ಕೇಳಿದವರಿಗೆ ಗೊತ್ತದ," ಎಂದರು ಅಂಬುಬಾಯಿ. "ನಿನಗ್ಯಾಕ ಬೇಕದು? ಸುಮ್ಮನ ಗಂಜಿ ಕುಡಿ."

ಗಂಜಿ ಇಳಿಯಿತು, ಪ್ರಶ್ನೆ ಇಳಿಯಲಿಲ್ಲ. ದೊಡ್ಡವರಾಗಿ, ಸಂಜೆ ಕಾಲೇಜಿನಲ್ಲಿ ಓದು ಮುಗಿಸಿ, ಈ ಕೆಲಸಕ್ಕೆ ಸೇರಿದ ಮೇಲೆ, ಸೋಪಿನ ಬಗ್ಗೆ ಕೇಳಲು ಹೋದ ಮನೆಯಲ್ಲೂ ಅವರ ಕಣ್ಣು ಗೋಡೆಯ ಗೂಡಿನ ಮೇಲೆಯೇ. ಯಾವ ಪಟ, ಯಾವ ದೀಪ, ಎಣ್ಣೆ ಇಂದಿನದೋ ನಿನ್ನೆಯದೋ. ಸೋಪಿನ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಪೆನ್ನಿಗೆ ಟೋಪಿ ಹಾಕುತ್ತ, ಒಂದು ಮಾತು ಕೇಳಲೇ ಎನ್ನುತ್ತಿದ್ದರು. ಸೋಪಿನ ಬಗ್ಗೆ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದವರು ದೇವರ ಬಗ್ಗೆ ಅರ್ಧ ಗಂಟೆ ಹೇಳುತ್ತಿದ್ದರು. ಅವರು ಹೇಳಿದ್ದನ್ನು ಹಣಮಂತರಾಯರು ಫಾರಂನ ಅಂಚಿನಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ಅವರ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದರು.

ಮುಶೀರಾಬಾದಿನ ಒಬ್ಬ ಕಾರ್ಮಿಕ ಮುಖಂಡ ದೇವರೇ ಇಲ್ಲ ಎಂದು ಮೇಜು ಗುದ್ದಿ ಹೇಳಿದ, ಆದರೆ ಹೊಸ ಕೆಲಸವನ್ನು ಮಂಗಳವಾರ ಶುರು ಮಾಡುವುದಿಲ್ಲ ಎಂದೂ ಹೇಳಿದ. ಅಂಚಿನಲ್ಲಿ: "ದೇವರಿಲ್ಲ, ಮಂಗಳವಾರ ಇದೆ." ಗಂಡ ತೀರಿಹೋದ ಒಬ್ಬ ಶಾಲೆಯ ಟೀಚರು: "ನಂಬುತ್ತೇನೆ, ಆದರೆ ಎರಡು ವರ್ಷದಿಂದ ಮಾತು ಬಿಟ್ಟಿದ್ದೇನೆ." ನಿವೃತ್ತ ಗುಮಾಸ್ತರೊಬ್ಬರು: "ಅದನ್ನೆಲ್ಲ ನಮ್ಮ ಮನೆಯಾಕೆ ನೋಡಿಕೊಳ್ಳುತ್ತಾಳೆ."

ಕಚೇರಿಯ ಮುಖ್ಯಸ್ಥರು ಚನ್ನಬಸಪ್ಪ, ಯಾದಗಿರಿ ಕಡೆಯವರು. ಹಣಮಂತರಾಯರೆಂದರೆ ಅವರಿಗೆ ಪ್ರೀತಿ, ಅವರ ಅಂಚಿನ ಬರಹವೆಂದರೆ ತಲೆನೋವು. "ರಾಯರ, ಅಂಚಿನ್ಯಾಗ ಬರದದ್ದು ಯಾವ ಮಶೀನಿಗೆ ಓದಾಕ ಬರ್ತೈತಿ? ನನಗ ಒಂದು ಬೇಕು, ಇಲ್ಲಾ ಎರಡು ಬೇಕು. ಮಂಗಳವಾರ ತಗೊಂಡು ನಾ ಏನ ಮಾಡ್ಲಿ?" ಎನ್ನುತ್ತಿದ್ದರು. ರಾಯರು ತಲೆ ಬಾಗಿಸಿ ನಕ್ಕು, ಮುಂದಿನ ಫಾರಂನಲ್ಲಿ ಇನ್ನಷ್ಟು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದರು.

ಹಣಮಂತರಾಯರ ಮನೆ ತಾರ್ನಾಕದಲ್ಲಿತ್ತು, ವಿಶ್ವವಿದ್ಯಾಲಯದ ಕಾಂಪೌಂಡಿಗೆ ಹತ್ತಿರ. ಹೆಂಡತಿ ಗೋದಾಬಾಯಿ ಗಂಡನ ಚಪ್ಪಲಿ ನೋಡಿಯೇ ಅವರು ಆ ದಿನ ಎಷ್ಟು ದೂರ ನಡೆದಿದ್ದಾರೆಂದು ಹೇಳುವಷ್ಟು ಜಾಣೆ. "ಊರವರ ದೇವರನ್ನೆಲ್ಲಾ ವಿಚಾರಿಸಿಕೊಂಡು ಬರ್ತೀರಿ. ಮನ್ಯಾಗಿನ ದೇವರಿಗೆ ಒಂದು ಹೂ ಏರಿಸ್ಲಿಕ್ಕೆ ನಿಮಗ ವ್ಯಾಳ್ಯಾ ಇಲ್ಲ," ಎಂದು ಆಕೆ ಅನ್ನುವುದು, ಅವರು ಕಾಲು ತೊಳೆಯಲು ಹಿತ್ತಿಲಿಗೆ ಹೋಗುವುದು, ಇದು ದಿನದ ಮಾತು. ಊರಿನ ಎಷ್ಟೋ ಸಾವಿರ ಜನರನ್ನು ಕೇಳಿದ ಹಣಮಂತರಾಯರು ಹೆಂಡತಿಯನ್ನು ಮಾತ್ರ ಯಾವತ್ತೂ ಕೇಳಿರಲಿಲ್ಲ. ತಮ್ಮ ಮನೆಯವರನ್ನು ಸಮೀಕ್ಷೆಗೆ ಸೇರಿಸಬಾರದು ಎಂದು ಕಚೇರಿಯ ನಿಯಮವಿತ್ತು. ಆ ನಿಯಮವನ್ನು ಅವರು ಮನೆಯ ಒಳಗೂ ತಂದುಕೊಂಡಿದ್ದರು.

ಎಂಬತ್ತಾರನೆಯ ಇಸವಿಯ ಬೇಸಿಗೆಗೆ ಮುಂಚೆ, ಇಪ್ಪತ್ತೆರಡು ವರ್ಷ ಕಾದದ್ದು ಬಂತು. ಹೊರಗಿನ ಒಂದು ಸಂಶೋಧನಾ ಸಂಸ್ಥೆಗೆ ಹೈದರಾಬಾದಿನ ಜನರ ದೇವರ ನಂಬಿಕೆಯ ಬಗ್ಗೆಯೇ ಒಂದು ಸಮೀಕ್ಷೆ ಬೇಕಾಗಿತ್ತು. ಸೋಪಿಲ್ಲ, ಮತವಿಲ್ಲ, ಮೊದಲಿನಿಂದ ಕೊನೆಯವರೆಗೆ ದೇವರೇ. ಹದಿನಾಲ್ಕು ಪ್ರಶ್ನೆ. ಒಂದೊಂದಕ್ಕೂ ಮೂರು ಉತ್ತರ: ಒಂದು ಹೌದು, ಎರಡು ಇಲ್ಲ, ಮೂರು ಹೇಳಲಾರೆ. ಹಣಮಂತರಾಯರು ಆ ಫಾರಂ ಕಟ್ಟನ್ನು ಮನೆಗೆ ತಂದು, ಕೈ ತೊಳೆದುಕೊಂಡು ಓದಿದರು.

ಚನ್ನಬಸಪ್ಪನವರು ಕೆಲಸ ಹಂಚುವಾಗ ಎಲ್ಲರ ಮುಂದೆ, ಆದರೆ ಒಬ್ಬರನ್ನೇ ನೋಡುತ್ತ ಹೇಳಿದ್ದರು: ಈ ಸಲ ಎಲ್ಲ ಕಂಪ್ಯೂಟರಿಗೆ ಹೋಗುತ್ತದೆ, ಅಂಚಿನಲ್ಲಿ ಒಂದಕ್ಷರ ಕಂಡರೂ ಆ ಫಾರಂ ರದ್ದು. ಇಷ್ಟು ದಿನ ಕಾದು ಬಂದ ಕೆಲಸ, ಒಂದು ಫಾರಂ ಕೂಡ ರದ್ದಾಗಬಾರದು. ಹಣಮಂತರಾಯರು ಮೊದಲ ಬಾರಿಗೆ ಆ ಮಾತನ್ನು ಪಾಲಿಸಿದರು. ಅವರು ಮಾಡಿದ ತಪ್ಪೆಂದರೆ ಅದೊಂದೇ.

ಅವರ ಪಾಲಿಗೆ ಬಂದ ಜಾಗಗಳಲ್ಲಿ ಲಾಲಾಗೂಡದ ಇಮ್ಲಿ ಗಲ್ಲಿಯೂ ಒಂದು. ರೈಲ್ವೆ ಕಾರ್ಖಾನೆಯಲ್ಲಿ ದುಡಿಯುವವರ ಗಲ್ಲಿ. ಗಲ್ಲಿಯ ಬಾಯಲ್ಲಿ ಅದಕ್ಕೆ ಹೆಸರು ಕೊಟ್ಟ ಒಂದು ಹುಣಸೆಮರ, ಗಲ್ಲಿಯ ಕೊನೆಯಲ್ಲಿ ಒಂದು ನಳ. ಅರವತ್ತು ಮನೆಗೆ ಆ ಒಂದೇ ನಳ. ಮನೆಗಳಲ್ಲಿ ಮುಸಲ್ಮಾನರಿದ್ದರು, ಕ್ರೈಸ್ತರಿದ್ದರು, ಊರದೇವತೆ ಮೈಸಮ್ಮನಿಗೆ ನಡೆದುಕೊಳ್ಳುವವರಿದ್ದರು. ಎಡಗಡೆಯಿಂದ ಶುರು ಮಾಡಿ ಪ್ರತಿ ಮೂರನೆಯ ಮನೆ ಎಂಬುದು ನಿಯಮ. ಇಪ್ಪತ್ತು ಮನೆ ಆಗುತ್ತಿತ್ತು.

ಮೊದಲು ಸಿಕ್ಕದ್ದು ಒಬ್ಬ ಮುದುಕಿಯ ಮನೆ. ಗಲ್ಲಿಯವರೆಲ್ಲ ಅವಳನ್ನು ಖಾಲಾ ಎನ್ನುತ್ತಿದ್ದರು, ಚಿಕ್ಕಮ್ಮ ಎಂದು. ಆರು ಪ್ರಶ್ನೆಗಳಿಗೆ ಗಂಭೀರವಾಗಿ ಉತ್ತರಿಸಿದ ಖಾಲಾ ಏಳನೆಯದಕ್ಕೆ ನಕ್ಕುಬಿಟ್ಟಳು. ಆ ಪ್ರಶ್ನೆ ಹೀಗಿತ್ತು: ಕಳೆದ ಒಂದು ವರ್ಷದಲ್ಲಿ ನೀವು ಬೇಡಿಕೊಂಡದ್ದು ಈಡೇರಿದೆಯೇ?

"ಪಾನಿ ಆಗಯಾ ಬೇಟಾ, ಔರ್ ಕ್ಯಾ ಹೋನಾ," ಎಂದಳು ಖಾಲಾ. ನೀರು ಬಂತಲ್ಲ ಮಗನೇ, ಇನ್ನೇನು ಬೇಕು.

ಎರಡು ವರ್ಷದಿಂದ ಆ ನಳದಲ್ಲಿ ಗಾಳಿ ಬಿಟ್ಟು ಬೇರೇನೂ ಬಂದಿರಲಿಲ್ಲವಂತೆ. ಹೆಂಗಸರು ರೈಲು ಹಳಿ ದಾಟಿ ಹೋಗಿ ನೀರು ತರುತ್ತಿದ್ದರು. ಕೊನೆಗೆ ಗಲ್ಲಿಗೆ ಗಲ್ಲಿಯೇ ಸೇರಿ ಬೇಡಿಕೊಂಡಿತು. ಒಂದು ಗುಂಪು ದರ್ಗಾದಲ್ಲಿ ಶರಬತ್ತು ಹಂಚುತ್ತೇವೆ ಎಂದಿತು, ಇನ್ನೊಂದು ಚರ್ಚಿನಲ್ಲಿ ಮೇಣದಬತ್ತಿ ಹಚ್ಚುತ್ತೇವೆ ಎಂದಿತು, ಮತ್ತೊಂದು ಮೈಸಮ್ಮನಿಗೆ ಅನ್ನದ ಗಡಿಗೆ ಹೊತ್ತು ತರುತ್ತೇವೆ ಎಂದಿತು. ಹಣಮಂತರಾಯರು ಹೋಗುವುದಕ್ಕೆ ಮೂರು ದಿನ ಮುಂಚೆ ನಳದಲ್ಲಿ ನೀರು ಬಂದಿತ್ತು. ಯಾರ ಬೇಡಿಕೆಗೆ ಬಂತು ಎಂದು ಗಲ್ಲಿಯಲ್ಲಿ ಯಾರೂ ಜಗಳಾಡುತ್ತಿರಲಿಲ್ಲ. ಕೊಡ ತುಂಬುವುದರಲ್ಲಿ ಅದಕ್ಕೆ ಪುರಸೊತ್ತಿರಲಿಲ್ಲ.

ಎರಡನೆಯ ಮನೆಯಲ್ಲೂ ಹೌದು. ಐದನೆಯದರಲ್ಲೂ ಹೌದು. ಹನ್ನೊಂದನೆಯ ಮನೆಗೆ ಬರುವಾಗ ಹಣಮಂತರಾಯರಿಗೆ ಒಳಗೊಳಗೇ ಕಸಿವಿಸಿ ಶುರುವಾಯಿತು. ಇಷ್ಟೊಂದು ಹೌದು ಯಾವ ಗಲ್ಲಿಯಲ್ಲೂ ಸಿಗುವುದಿಲ್ಲ. ಅಂಚಿನಲ್ಲಿ ನಳ ಎಂದು ಎರಡೇ ಅಕ್ಷರ ಬರೆದರೆ ಸಾಕಿತ್ತು. ಪೆನ್ನು ಅಂಚಿನ ತನಕ ಹೋಗಿ ವಾಪಸು ಬಂತು. ಇಪ್ಪತ್ತೂ ಮುಗಿದ ಮೇಲೆ, ತಮ್ಮ ರೂಢಿಯಂತೆ, ಹುಣಸೆಮರದ ನೆರಳಿನಲ್ಲಿ ಕೂತು ಎಲ್ಲ ಫಾರಂಗಳನ್ನು ಮೊದಲಿನಿಂದ ಕೊನೆಯ ತನಕ ಎರಡು ಸಲ ತಿರುವಿ ನೋಡಿದರು. ಅಳಿಸಿದಂತಿದ್ದ ಕಡೆ ಗುಂಡು ಅಕ್ಷರದಲ್ಲಿ ತಿದ್ದಿದರು. ಅಂಚುಗಳು ಬೆಳ್ಳಗಿದ್ದವು.

ಕಚೇರಿಯಲ್ಲಿ ಫಾರಂ ಪರೀಕ್ಷಿಸುವ ಕೆಲಸ ವನಜಾಳದು. ಇಪ್ಪತ್ತಾರು ವರ್ಷದ ಹುಡುಗಿ. ತಂದೆ ಹಾಸನದ ಕಡೆಯಿಂದ ಬಂದು ಕಂಚನಬಾಗ್‌ನ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವಳ ಹಸಿರು ಪೆನ್ಸಿಲಿಗೆ ಎಲ್ಲರೂ ಹೆದರುತ್ತಿದ್ದರು. ಎರಡು ವಾರದ ಮೇಲೆ ಆ ಪೆನ್ಸಿಲು ಇಮ್ಲಿ ಗಲ್ಲಿಯ ಕಟ್ಟಿನ ಮೇಲೆ ಒಂದು ದೊಡ್ಡ ಸುತ್ತು ಹಾಕಿತು.

ಚನ್ನಬಸಪ್ಪನವರು ಹಣಮಂತರಾಯರನ್ನು ಒಳಗೆ ಕರೆಸಿ, ಕೂಡ್ರಿ ಎಂದರು. ಎಂದೂ ಹಾಗೆ ಅನ್ನುವವರಲ್ಲ. ರಾಯರು ತಾವಾಗಿಯೇ ಕೂರುತ್ತಿದ್ದರು.

"ಇಪ್ಪತ್ತು ಮನಿ ರಾಯರ. ಮೂರು ಬಗೀ ದೇವರು. ಏಳನೇ ಪ್ರಶ್ನೆಗೆ ಇಪ್ಪತ್ತೂ ಹೌದು. ನೀವು ನನ್ನ ಜಾಗಾದಾಗ ಇದ್ರ ಏನಂತಿದ್ರಿ?"

ಹಣಮಂತರಾಯರು ಸ್ವಲ್ಪ ಯೋಚಿಸಿದರು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಹೆಸರು ವಯಸ್ಸು ಕೇಳಿಕೊಂಡು ಬಂದು, ಉಳಿದದ್ದು ಮರದ ಕೆಳಗ ಕೂತು ತುಂಬ್ಯಾರ ಅಂತಿದ್ದೆ," ಎಂದರು.

"ನೀವು ಮರದ ಕೆಳಗ ಕೂತು ಬರ್ಯಾಕತ್ತಿದ್ದು ನೋಡಿದವರು ಅದಾರ. ನಮ್ಮವರ ಒಬ್ಬರು ಬಸ್ಸಿನ್ಯಾಗ ಹೊಂಟಿದ್ರು."

ರಾಯರು ನಳದ ಕತೆ ಹೇಳಿದರು. ಶರಬತ್ತು, ಮೇಣದಬತ್ತಿ, ಗಡಿಗೆ ಎಲ್ಲ ಹೇಳಿದರು. ಚನ್ನಬಸಪ್ಪನವರು ಕೇಳಿ, ಇಪ್ಪತ್ತು ಫಾರಂಗಳನ್ನು ಬೀಸಣಿಗೆಯಂತೆ ಮೇಜಿನ ಮೇಲೆ ಹರಡಿದರು. ಇದು ಇದರಲ್ಲಿ ಎಲ್ಲಿದೆ ಎಂದು ಕೇಳಿದರು. ಅಂಚಿನಲ್ಲಿ ಬರೆಯಬೇಡಿ ಎಂದಿದ್ದಿರಲ್ಲ ಎಂದರು ರಾಯರು. ಚನ್ನಬಸಪ್ಪನವರು ಆ ಬೆಳ್ಳನೆಯ ಅಂಚುಗಳ ಮೇಲೆ ಒಂದು ಸಲ ಬೆರಳಾಡಿಸಿ, ಫಾರಂಗಳನ್ನು ಮತ್ತೆ ಒಟ್ಟು ಮಾಡಿದರು.

ತಾನೇ ಫಾರಂ ತುಂಬಿದವರಿಗೆ ಆ ಕಸುಬಿನಲ್ಲಿ ಕ್ಷಮೆ ಇರಲಿಲ್ಲ. ಕೆಲಸ ಹೋಗುತ್ತಿತ್ತು, ಊರಿನ ಬೇರೆ ಸಮೀಕ್ಷೆ ಕಚೇರಿಗಳಿಗೂ ಹೆಸರು ತಿಳಿಯುತ್ತಿತ್ತು. ಹಣಮಂತರಾಯರಿಗೆ ಅದಕ್ಕಿಂತ ಹೆಚ್ಚು ಕೊರೆದದ್ದು ಬೇರೆ. ಈ ಇಪ್ಪತ್ತು ಸುಳ್ಳೆಂದು ತೀರ್ಮಾನವಾದರೆ ಹಿಂದಿನ ಇಪ್ಪತ್ತೆರಡು ವರ್ಷದ್ದೂ ಸುಳ್ಳೇ ಆಗುತ್ತದೆ. ಮಾತು ಬಿಟ್ಟ ಟೀಚರು, ಮಂಗಳವಾರದ ಮುಖಂಡ, ಹೆಂಡತಿಗೆ ದೇವರನ್ನು ಒಪ್ಪಿಸಿದ ಗುಮಾಸ್ತ, ಯಾರೂ ಇರಲೇ ಇಲ್ಲ, ಎಲ್ಲರನ್ನೂ ಈ ಮನುಷ್ಯ ಮರದ ಕೆಳಗೆ ಕೂತು ಕಟ್ಟಿದ್ದಾನೆ ಎಂದಾಗುತ್ತದೆ.

ವನಜಾ ಆ ಇಪ್ಪತ್ತು ಮನೆಗೂ ಹೋಗಿ ಅದೇ ಪ್ರಶ್ನೆಗಳನ್ನು ಅದೇ ಮಾತುಗಳಲ್ಲಿ ಮತ್ತೆ ಕೇಳಿ ಬರಬೇಕೆಂದು ತೀರ್ಮಾನವಾಯಿತು. ಮರುಪರೀಕ್ಷೆಯ ನಿಯಮ ಬಿಗಿಯಾದದ್ದು. ಮೊದಲು ಬಂದವರು ಪೂರ್ತಿ ಕೇಳಿದರೇ ಎಂಬುದೊಂದನ್ನು ಬಿಟ್ಟರೆ ಹೆಚ್ಚಿನ ಪ್ರಶ್ನೆ ಕೇಳುವಂತಿಲ್ಲ, ಹಿಂದಿನ ಉತ್ತರ ನೆನಪಿಸುವಂತಿಲ್ಲ. ಅಲ್ಲಿಯ ತನಕ ಹಣಮಂತರಾಯರು ಲಾಲಾಗೂಡದ ಕಡೆ ಸುಳಿಯಬಾರದು. ಅವರು ಬಸ್ಸನ್ನೇ ಬದಲಾಯಿಸಿಕೊಂಡರು. ಲಾಲಾಗೂಡದ ಮೇಲೆ ಹಾದು ಹೋಗುವ ಬಸ್ಸು ಬೇಡವೆಂದು, ಸುತ್ತು ಹಾಕಿ ಮನೆಗೆ ಬಂದರು.

ಗೋದಾಬಾಯಿಗೆ ಅಂದೇ ಎಲ್ಲ ಹೇಳಿದರು. ಆಕೆ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ನೀವು ಬರದದ್ದು ಖರೇನೋ ಸುಳ್ಳೋ?"

"ಖರೇ."

"ಹಂಗಾದ್ರ ಊಟಕ್ಕ ಏಳ್ರಿ."

ಅಷ್ಟೇ. ಆದರೆ ಆ ವಾರ ಗೋದಾಬಾಯಿ ಚಪ್ಪಲಿ ಮಾತೇ ಎತ್ತಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಹಣಮಂತರಾಯರು ಮಲಕಪೇಟೆಯ ಬಿಸಿಲಿನಲ್ಲಿ ತಲೆ ತಿರುಗಿ ಬಿದ್ದಿದ್ದರು. ಯಾರೋ ರಿಕ್ಷಾದಲ್ಲಿ ಕೂಡಿಸಿ ಮನೆಗೆ ಕಳಿಸಿದ್ದರು. ಅಂದಿನಿಂದ ದಿನಕ್ಕೊಂದು ಸಲವಾದರೂ ಅದರ ಮಾತು ಬರುತ್ತಿತ್ತು. ಈ ವಾರ ಅದೂ ಇಲ್ಲ. ಗುರುವಾರ ಮಠಕ್ಕೆ ಹೋದವರು ಎಂದಿಗಿಂತ ಅರ್ಧ ಗಂಟೆ ತಡವಾಗಿ ಬಂದರು. ಎಲ್ಲಿ ತಡವಾಯಿತೆಂದು ಹಣಮಂತರಾಯರು ಕೇಳಲಿಲ್ಲ. ಅಡಿಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅದನ್ನು ಒತ್ತಿ ಕೂರಿಸಿದರು.

ಶನಿವಾರ ಚನ್ನಬಸಪ್ಪನವರ ಕೋಣೆಗೆ ಕರೆ ಬಂತು. ವನಜಾ ಆಗಲೇ ಅಲ್ಲಿದ್ದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಹೊಸ ಫಾರಂಗಳ ಕಟ್ಟನ್ನು ಮೇಜಿನ ಮೇಲೆ, ಹಳೆಯ ಕಟ್ಟಿನ ಪಕ್ಕದಲ್ಲಿ ಇಟ್ಟಳು.

"ಏಳನೇ ಪ್ರಶ್ನೆ," ಎಂದರು ಚನ್ನಬಸಪ್ಪ.

"ಇಪ್ಪತ್ತೂ ಇಲ್ಲ ಸರ್."

ಹಣಮಂತರಾಯರು ತಮ್ಮ ಹಳೆಯ ಕಟ್ಟಿನ ಕಡೆ ನೋಡಿದರು. ಹೌದು ಎಂದ ಇಪ್ಪತ್ತು ಮುಖಗಳನ್ನೂ ಅವರು ಬಲ್ಲರು. ಖಾಲಾ ನಕ್ಕಾಗ ಕಂಡ ಎರಡು ಹಲ್ಲು ಕೂಡ ಕಣ್ಣಮುಂದೆ ಇತ್ತು. ಯಾರಾದರೂ ಒಂದಿಬ್ಬರು ಮರೆತು ಇಲ್ಲವೆಂದರೆ ಸರಿ, ಇಪ್ಪತ್ತೂ ಜನ ಹೇಗೆ ಇಲ್ಲವೆಂದರು? ಚನ್ನಬಸಪ್ಪನವರು ಅವರ ಕಡೆ ನೋಡದೆ ಒಂದು ಬಿಳಿ ಹಾಳೆಯನ್ನು ಎಳೆದುಕೊಂಡು, ತಾರೀಖು ಬರೆದರು.

"ಸರ್, ಒಂದು ನಿಮಿಷ. ನನ್ನ ಫಾರಂಗಳನ್ನೂ ನೋಡಿ," ಎಂದಳು ವನಜಾ.

"ನೋಡಿದ್ನಲ್ಲವಾ."

"ಇಲ್ಲ, ಅವರ ಫಾರಂ ನೋಡಿದ ಹಾಗೆ ನೋಡಿ. ಇಪ್ಪತ್ತು ಮನೆ, ಮೂರು ಥರದ ದೇವರು, ಇಪ್ಪತ್ತೂ ಇಲ್ಲ. ಅವರ ಹೌದು ಸುಳ್ಳು ಅಂತಾದ್ರೆ ನನ್ನ ಇಲ್ಲ ಹೇಗೆ ನಿಜ ಆಗುತ್ತೆ? ನಾನೂ ಹುಣಸೆಮರದ ಕೆಳಗೇ ಕೂತ್ಕೊಂಡು ಸರಿ ನೋಡ್ದೆ ಸರ್. ಅಲ್ಲಿ ಬೇರೆ ನೆರಳೇ ಇಲ್ಲ."

ಚನ್ನಬಸಪ್ಪನವರ ಪೆನ್ನು ತಾರೀಖಿನ ಮುಂದೆ ನಿಂತಿತು.

ಆಮೇಲೆ ವನಜಾ ಹೇಳುತ್ತ ಹೋದಳು. ಅವಳು ನಿಯಮದಂತೆ ಏನೂ ಹೆಚ್ಚಿಗೆ ಕೇಳಿರಲಿಲ್ಲ. ಕಟ್ಟಕಡೆಯ ಮನೆ ನಳದ ಎದುರಿಗೇ ಇತ್ತು. ಅಲ್ಲಿಂದ ಹೊರಗೆ ಬಂದಾಗ ನಳವನ್ನು ನೋಡಿದಳು. ಅದರ ಕೊರಳಿಗೆ ಒಣಗಿದ ಚೆಂಡುಹೂವಿನ ಹಾರ, ಒಂದು ಹಸಿರು ಬಟ್ಟೆಯ ತುಂಡು, ಬುಡದ ಕಲ್ಲಿನ ಮೇಲೆ ಕರಗಿ ಹರಿದ ಮೇಣ, ಅರಿಶಿನ ಕುಂಕುಮ. ನಳಕ್ಕೆ ಪೂಜೆ ಮಾಡಿದವರು ಯಾರೂ ಸುಮ್ಮನೆ ಮಾಡಿರಲಾರರು ಎಂದುಕೊಂಡು, ತಿರುಪು ತಿರುಗಿಸಿದಳು. ಸೊಯ್ ಎಂದು ಗಾಳಿ ಬಂತು. ಪಕ್ಕದಲ್ಲಿ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದ ಖಾಲಾ ತಾನಾಗಿಯೇ ಮಾತು ತೆಗೆದಳು. ನೀರು ಬಂದದ್ದು ಒಂಬತ್ತೇ ದಿನವಂತೆ. ಆಮೇಲೆ ಆ ನೀರನ್ನು ಬೇರೊಂದು ಗಲ್ಲಿಯ ಕಡೆಗೆ ತಿರುಗಿಸಿದರಂತೆ. ಕೊಟ್ಟು ಕಿತ್ತುಕೊಂಡದ್ದನ್ನು ಈಡೇರಿತು ಎನ್ನುವುದು ಹೇಗೆ?

"ಆ ಚಶ್ಮಾದ ಸಾಹೇಬರಿಗೆ ಹೇಳು ಅಂದ್ಲು ಸರ್. ಅವತ್ತು ಹೌದು ಅಂದಿದ್ದೂ ಸುಳ್ಳಲ್ಲ, ಇವತ್ತು ಇಲ್ಲ ಅಂದಿದ್ದೂ ಸುಳ್ಳಲ್ಲ ಅಂತ. ಅವರು ಮನೆಮನೆಗೂ ಬಂದಿದ್ರು, ಎಲ್ಲರನ್ನೂ ಪೂರ್ತಿ ಕೇಳಿದ್ರು ಅಂತ ಇಪ್ಪತ್ತು ಮನೆಯವರೂ ಹೇಳಿದ್ದಾರೆ. ಅದು ಮರುಪರೀಕ್ಷೆ ಫಾರಂನ ಮೊದಲ ಪುಟದಲ್ಲೇ ಇದೆ." ವನಜಾ ಕೊನೆಯ ಫಾರಂ ಎಳೆದು ತೋರಿಸಿದಳು. ಅಂಚಿನಲ್ಲಿ ಹಸಿರು ಪೆನ್ಸಿಲಿನಲ್ಲಿ, ನಳದಲ್ಲಿ ಗಾಳಿ, ಎಂದು ಬರೆದಿತ್ತು. "ಇದೊಂದು ಫಾರಂ ಬೇಕಾದ್ರೆ ರದ್ದು ಮಾಡಿ. ನನಗೆ ಬರೀದೆ ಇರಕ್ಕಾಗ್ಲಿಲ್ಲ."

ಚನ್ನಬಸಪ್ಪನವರು ಎರಡು ಕಟ್ಟುಗಳನ್ನೂ ಹಾಳೆಗೆ ಹಾಳೆ ಹೋಲಿಸಿ ನೋಡಿದರು. ಆಮೇಲೆ ತಾರೀಖು ಬರೆದ ಹಾಳೆಯನ್ನು ಮಡಿಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ತುರುಕಿದರು. ಕೆಳಗಿನ ಹೋಟೆಲಿಗೆ ಕೂಗಿ ಮೂರು ಚಹಾ ತರಿಸಿದರು. ತಟ್ಟೆಯಲ್ಲಿ ಎರಡೇ ಉಸ್ಮಾನಿಯಾ ಬಿಸ್ಕತ್ತು ಬಂದಿದ್ದವು. ಎರಡನ್ನೂ ಹಣಮಂತರಾಯರ ಕಡೆಗೆ ಸರಿಸಿ, "ತಗೋರಿ ರಾಯರ," ಎಂದರು. ಕ್ಷಮಿಸಿ ಎಂದು ಬಾಯಿ ಬಿಟ್ಟು ಹೇಳುವ ಮನುಷ್ಯ ಅವರಲ್ಲ. ಹಣಮಂತರಾಯರು ಒಂದನ್ನು ವನಜಾಳಿಗೆ ಕೊಟ್ಟು, ಇನ್ನೊಂದನ್ನು ಚಹಾದಲ್ಲಿ ಅದ್ದಿದರು. ಅರ್ಧ ಬಿಸ್ಕತ್ತು ಚಹಾದಲ್ಲೇ ಬಿದ್ದುಹೋಯಿತು.

ಎರಡು ಕಟ್ಟುಗಳೂ ಸಂಶೋಧನಾ ಸಂಸ್ಥೆಗೆ ಹೋದವು, ಜೊತೆಗೆ ನಳದ ಬಗ್ಗೆ ಒಂದು ಪುಟದ ಪತ್ರವೂ ಹೋಯಿತು. ಪತ್ರವನ್ನು ಹಣಮಂತರಾಯರಿಂದಲೇ ಬರೆಸಿದರು. ಅದೇ ಸಂಸ್ಥೆಯ ಮುಂದಿನ ದೇವರ ಸಮೀಕ್ಷೆಯ ಫಾರಂಗಳು ಅಚ್ಚಾಗಿ ಬಂದಾಗ, ಪ್ರತಿ ಪ್ರಶ್ನೆಯ ಕೆಳಗೆ ಎರಡು ಖಾಲಿ ಗೆರೆಗಳಿದ್ದವು. ಗೆರೆಯ ಆರಂಭದಲ್ಲಿ "ಅವರ ಮಾತಿನಲ್ಲಿ" ಎಂದು ಅಚ್ಚಾಗಿತ್ತು.

ಆ ಸಮೀಕ್ಷೆಗೆ ವನಜಾಳೂ ಮನೆಮನೆಗೆ ಹೊರಟಳು, ತಾರ್ನಾಕ ಅವಳ ಪಾಲಿಗೆ ಬಂತು. ಚಳಿಗಾಲದ ಒಂದು ಬೆಳಿಗ್ಗೆ ಅವಳು ಮನೆ ಎಣಿಸುತ್ತ ಬರುವುದನ್ನು ಗೋದಾಬಾಯಿ ಕಿಟಕಿಯಿಂದ ನೋಡಿದರು. ತಾವೂ ಎಣಿಸಿದರು. ಮೂರನೆಯ ಮನೆ ತಮ್ಮದೇ. ಬೇಗಬೇಗ ತಲೆ ಬಾಚಿಕೊಂಡು, ಒಂದು ಕುರ್ಚಿ ಒರೆಸಿ ಇಟ್ಟು, ಬಾಗಿಲು ತಟ್ಟುವ ಮೊದಲೇ ತೆರೆದರು. ವನಜಾ ಸಂಕೋಚದಿಂದ ಹೇಳಿದಳು, ಸಮೀಕ್ಷೆಯವರ ಮನೆಯಲ್ಲಿ ಕೇಳುವಂತಿಲ್ಲ, ಮುಂದಿನ ಮನೆಗೆ ಹೋಗಬೇಕು ಎಂದು. ಗೋದಾಬಾಯಿ ಅವಳಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಸಂಜೆ ಗಂಡ ಬಂದಾಗ ಆಕೆಯ ಮುಖ ಗಂಟಿಕ್ಕಿತ್ತು.

"ನಿಮ್ಮ ಆಫೀಸಿನ ಪ್ರಕಾರ ನನಗ ಅಭಿಪ್ರಾಯ ಇಲ್ಲ. ಊರಾಗ ಎಲ್ಲಾರಿಗೂ ಅದ, ನನಗ ಒಬ್ಬಾಕಿಗೇ ಇಲ್ಲ."

ಮೂರು ದಿನ ಆ ಮಾತು ನಡೆಯಿತು. ಭಾನುವಾರ ಊಟವಾದ ಮೇಲೆ ಹಣಮಂತರಾಯರು ಎದ್ದರು. ಚೀಲದಿಂದ ಒಂದು ಖಾಲಿ ಫಾರಂ ತೆಗೆದು ರಟ್ಟಿಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಬಾಗಿಲು ಎಳೆದುಕೊಂಡರು. ಆಮೇಲೆ ತಮ್ಮ ಮನೆಯ ಬಾಗಿಲನ್ನು ತಾವೇ ತಟ್ಟಿ, ಮೂರು ಹೆಜ್ಜೆ ಹಿಂದಕ್ಕೆ ಸರಿದು ನಿಂತರು.

ಗೋದಾಬಾಯಿ ಬಾಗಿಲು ತೆರೆದರು. ಗಂಡನ ಎರಡು ಕೈಗಳನ್ನು ನೋಡಿದರು. "ಯಾರು ಬೇಕಾಗಿತ್ರಿ?" ಎಂದರು.

ನಿಮ್ಮ ಅಭಿಪ್ರಾಯ ಕೇಳಿಕೊಂಡು ಹೋಗಲು ಬಂದಿದ್ದೇನೆ, ಸರಿ ತಪ್ಪು ಎಂಬುದು ಇಲ್ಲ ಎಂದರು ಹಣಮಂತರಾಯರು, ಎಲ್ಲ ಮನೆಯಲ್ಲೂ ಹೇಳುವ ಹಾಗೆಯೇ. ಒಳಗೆ ಕರೆದು ಕುರ್ಚಿ ಕೊಟ್ಟು, ಗೋದಾಬಾಯಿ ಎದುರಿಗೆ ಚಾಪೆಯ ಮೇಲೆ ಕೂತರು. ವಯಸ್ಸು ಕೇಳಿದಾಗ ಎರಡು ವರ್ಷ ಕಡಿಮೆ ಹೇಳಿದರು. ರಾಯರು ಹೇಳಿದ್ದನ್ನೇ ಬರೆದುಕೊಂಡರು, ನಿಯಮ ಹಾಗಿತ್ತು. ದೇವರನ್ನು ನಂಬುತ್ತೀರಾ ಎಂದರು. ನೋಡಿದರೆ ತಿಳಿಯುವುದಿಲ್ಲವೇ ಎಂಬ ನೋಟ ಬಂತು. ಅವರು ಪೆನ್ನು ಹಿಡಿದು ಕಾದರು. ಹೌದು ಎಂದು ಬಾಯಿಂದ ಬಂದ ಮೇಲೆಯೇ ಗುರುತು ಹಾಕಿದರು.

ಏಳನೆಯ ಪ್ರಶ್ನೆ ಹೊಸ ಫಾರಂನಲ್ಲೂ ಉಳಿದಿತ್ತು. ಕಳೆದ ಒಂದು ವರ್ಷದಲ್ಲಿ ನೀವು ಬೇಡಿಕೊಂಡದ್ದು ಈಡೇರಿದೆಯೇ?

ಗೋದಾಬಾಯಿ ಸೆರಗಿನ ತುದಿಯನ್ನು ಮಡಿಚಿದರು, ಬಿಚ್ಚಿದರು. "ಅರ್ಧ," ಎಂದರು.

"ಅರ್ಧಕ್ಕ ನಂಬರ್ ಇಲ್ಲ. ಹೌದು ಅನ್ರಿ, ಇಲ್ಲಾ ಇಲ್ಲ ಅನ್ರಿ."

"ಅರ್ಧ ಆದ್ರ ಅರ್ಧ ಅಂತೀನಿ. ಕೆಳಗ ಗೆರಿ ಹೊಡಸೀರಲ್ಲ, ಅಲ್ಲಿ ಬರೀರಿ."

ಹಣಮಂತರಾಯರು ಗೆರೆಯ ಮೇಲೆ ಪೆನ್ನು ಊರಿದರು.

"ನಿಮ್ಮನ್ನ ಆಫೀಸಿನವರು ಸುಳ್ಳ ಅಂದ್ರಲ್ಲ, ಅವತ್ತಿನ ವಾರ ಬೇಡಿಕೊಂಡಿದ್ದೆ. ಮರ್ಯಾದಿ ಉಳೀಲಿ, ನೌಕರಿ ಹೋಗ್ಲಿ ಅಂತ. ಬಿಸಲಾಗ ತಿರಗೋದು ಸಾಕು, ಇನ್ನೊಮ್ಮೆ ನಿಮ್ಮನ್ನ ರಿಕ್ಷಾದಾಗ ಹಾಕ್ಕೊಂಡು ಬರೋದು ಬ್ಯಾಡ ಅಂತ." ಗೋದಾಬಾಯಿ ನಿಲ್ಲಿಸಿ, ಗಂಡ ಬರೆದುಕೊಳ್ಳುತ್ತಿದ್ದಾರೋ ಇಲ್ಲವೋ ನೋಡಿದರು. "ಮರ್ಯಾದಿ ಉಳೀತು. ನೌಕರಿನೂ ಉಳೀತು. ಅದಕ್ಕ ಅರ್ಧ."

ಎಲ್ಲಿ ಬೇಡಿಕೊಂಡದ್ದು, ಮಠದಲ್ಲೋ ಅಥವಾ ದಾರಿಯಲ್ಲೋ ಎಂದು ಹಣಮಂತರಾಯರು ಕೇಳಿದರು. ದನಿ ಒಂಬತ್ತು ವರ್ಷದ ಹುಡುಗನ ದನಿಯ ಹಾಗಿತ್ತು.

"ಅದು ನಿಮ್ಮ ಫಾರಮಿನ್ಯಾಗ ಇಲ್ಲ," ಎಂದರು ಗೋದಾಬಾಯಿ. "ಇದ್ದದ್ದಷ್ಟೇ ಕೇಳ್ರಿ."

ಎರಡು ಗೆರೆ ಸಾಲಲಿಲ್ಲ. ಉಳಿದದ್ದನ್ನು ಅಂಚಿನಲ್ಲಿ ಬರೆದರು. ಓದಿ ಹೇಳಿ ಎಂದರು ಗೋದಾಬಾಯಿ. ಓದಿದರು. ಒಂದು ಮಾತು ಬಿಟ್ಟುಹೋಗಿದೆ, ರಿಕ್ಷಾದ್ದು ಬರೆದಿಲ್ಲ ಎಂದು ಆಕೆ ತಿದ್ದಿಸಿದರು. ಆ ಫಾರಂ ಕಚೇರಿಗೆ ಹೋಗುವಂಥದ್ದಲ್ಲ, ಆದ್ದರಿಂದ ಮಡಿಚಿ ದೇವರ ಗೂಡಿನ ಪಕ್ಕ, ಪಂಚಾಂಗದೊಳಗೆ ಇಟ್ಟರು.

ಮರುದಿನ ಬೆಳಿಗ್ಗೆ ಹಣಮಂತರಾಯರು ಹೊರಡುವಾಗ ರಟ್ಟಿನ ಪಕ್ಕದಲ್ಲಿ ಒಂದು ಛತ್ರಿ ಇತ್ತು. ಚಳಿಗಾಲ, ಬಿಸಿಲು ಎಳೆಯದು. ಒಂದು ಕೈಯಲ್ಲಿ ರಟ್ಟು, ಇನ್ನೊಂದರಲ್ಲಿ ಪೆನ್ನು, ಛತ್ರಿ ಎಲ್ಲಿ ಹಿಡಿಯಲಿ ಎಂದು ಅವರು ಕೇಳಲಿಲ್ಲ. ತೆಗೆದುಕೊಂಡು ಹೊರಟರು. ಅಂದಿನಿಂದ ಪ್ರತಿ ಬಾಗಿಲಿನ ಮುಂದೆಯೂ ಮೊದಲು ಛತ್ರಿಯನ್ನು ಮಡಿಚಿ ಗೋಡೆಗೆ ಒರಗಿಸಿ, ಆಮೇಲೆ ಬಾಗಿಲು ತಟ್ಟಿ ಮೂರು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲುತ್ತಿದ್ದರು.